ಹದಿನೇಳನೇ ತೋಟಾ

ಲಷ್ಕರ್ ಮೊಹಲ್ಲಾದ ಓಣಿಯಲ್ಲಿ ನಮ್ಮದು ಅಕ್ಕಸಾಲೆ ಅಂಗಡಿ,
ಎದುರಿಗೆ ಹಯಾತ್ ಸಾಹೇಬರ ಕೋವಿ ರಿಪೇರಿ.
ಮಂಗಳವಾರ ಅಪ್ಪನ ತಕ್ಕಡಿಗೆ ರಜೆ.
ರಜೆಯ ದಿನ ಅದು ರಸ್ತೆ ದಾಟುತ್ತಿತ್ತು,
ಹಿಂದೆಯೇ ನಾನು, ಹನ್ನೆರಡರ ಹುಡುಗ,
ಗುಲಗಂಜಿಯ ಡಬ್ಬಿ ಎದೆಗವಚಿಕೊಂಡು.

ಖಾಲಿ ಕೇಸುಗಳನ್ನು ಹುಣಸೆಹುಳಿಯಲ್ಲಿ ನೆನೆಹಾಕಿ
ಅವ್ವ ದೀಪದ ಕಂಬ ಬೆಳಗುವಂತೆಯೇ
ಬೆಳಗುತ್ತಿದ್ದರು ಜುಬೇದಾಬಿ.
ಬಾಯಿ ಸೀಳಿದ್ದು ಗುಜರಿಗೆ,
ಕತ್ತು ಉದ್ದವಾದದ್ದು ಅರದ ಕೆಳಗೆ.
ಉಳಿದವಕ್ಕೆ ತಳದಲ್ಲಿ ಸೂಜಿಮೊನೆಯ ನಂಬರು,
ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಹಾಗೆ.

‘ಕಂಪನಿ ತೋಟಾ ಸಂತೆಯ ಚಪ್ಪಲಿ ಕಣೋ,
ಎಲ್ಲರ ಕಾಲಿಗೂ ಆಗುತ್ತೆ, ಯಾರ ಕಾಲಿಗೂ ಒಪ್ಪಲ್ಲ.
ಈ ನಳಿಗೆಗೆ ಏನು ಬೇಕೋ ನಳಿಗೇನೇ ಕೇಳಬೇಕು.’
ಕೇಳಿದರು, ಯುಗಾದಿಯಿಂದ ದಸರೆಯವರೆಗೆ.
ಮದ್ದು ಚಿಟಿಕೆ ಏರಿಸಿ ಐದು,
ಇನ್ನೊಂದು ಚೂರು ಏರಿಸಿ ಐದು,
ಗುಂಡನ್ನು ಕೂದಲೆಳೆಯಷ್ಟು ಒಳಕ್ಕೆ ಕೂರಿಸಿ
ಮತ್ತೆ ಐದು.
ಲೆಕ್ಕವೆಲ್ಲ ರಟ್ಟಿನ ಪುಸ್ತಕದಲ್ಲಿ, ಬಲದಿಂದ ಎಡಕ್ಕೆ.

ತೂಗುವಾಗ ಫ್ಯಾನು ಬಂದ್. ಕಿಟಕಿ ಬಂದ್.
ಮಾತೂ ಬಂದ್. ಬೀಡಿ ಸೇದುವವರು ಓಣಿಯಾಚೆ.
ಉಸಿರು ಬಿಡಲೇಬೇಕಾದರೆ
ಕತ್ತು ತಿರುಗಿಸಿ ಹೆಗಲ ಹಿಂದಕ್ಕೆ ಬಿಡು, ಎನ್ನುತ್ತಿದ್ದರು.
ಆಮೇಲೆ ಮುಳ್ಳು ನಿಲ್ಲುವ ತನಕ ಕಾಯುವುದು.
ಚಿನ್ನಕ್ಕೂ ಅಪ್ಪ ಅಷ್ಟು ಕಾದದ್ದು ನಾ ಕಾಣೆ.

ಚಿನಕುರಳಿಯಾಚೆ ಕಲ್ಲುಕ್ವಾರಿ.
ಹಳೆಯ ಲಗ್ನಪತ್ರಿಕೆ ಮಗುಚಿ, ನಡುವೆ ಇದ್ದಿಲ ಬೊಟ್ಟು.
ನೂರು ಗಜದಿಂದ ಐದು ಸಲ ಕ್ವಾರಿ ಗುಡುಗಿತು.
ಸಾಹೇಬರು ಹೋಗಿ
ಜೇಬಿನ ನಾಲ್ಕಾಣೆ ತೆಗೆದು ಕಾಗದದ ಮೇಲಿಟ್ಟರು:
ಐದೂ ತೂತು ಅದರಡಿ ಮಾಯ.
ರೈಫಲ್ಲಿನ ಯಜಮಾನ, ಕೆರಗೋಡಿನ ಚಿಕ್ಕಪ್ಪಾಜಿಗೌಡರು
ಆ ನಾಣ್ಯವನ್ನೇ ನನಗೆ ಭಕ್ಷೀಸು ಕೊಟ್ಟರು.

ಕಬ್ಬಿಗೆ ಹಂದಿ ನುಗ್ಗಿದೆ, ಪರ್ಮಿಟ್ ಆಗಿದೆ, ಇಪ್ಪತ್ತು ಬೇಕು.
ಹದಿನಾರರವರೆಗೆ ನಾನು ಬಂಗಾರದ ಹುಡುಗ.
ಹದಿನೇಳಕ್ಕೆ
ಓಣಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ.
ಮುಳ್ಳು ಇನ್ನೂ ಆಡುತ್ತಿತ್ತು.
ಸುರಿದುಬಿಟ್ಟೆ.
ಗುಂಡು ಕೂತಮೇಲೆ ಇಪ್ಪತ್ತಕ್ಕೂ ಒಂದೇ ಮುಖ.

ಎಂಟು ದಿನಕ್ಕೆ ಗೌಡರು ಬಂದರು, ಮೊಣಕಾಲವರೆಗೂ ಕೆಸರು.
ಹೊಟ್ಟೆಗೆ ಬಿದ್ದಿತ್ತಂತೆ.
ರಾತ್ರಿಯೆಲ್ಲ ಲಾಟೀನು, ಕಬ್ಬಿನ ರವದಿ,
ರವದಿಯ ಮೇಲೆ ಅಷ್ಟಷ್ಟು ದೂರಕ್ಕೆ ಒಂದು ಹನಿ.
ಬೆಳಗ್ಗೆ ನಾಲೆ ಏರಿಯ ಮೇಲೆ ಸಿಕ್ಕಿತಂತೆ,
ನೀರಿಗೆ ಮೂತಿ ಚಾಚಿ,
ಇನ್ನೂ ಉಸಿರಾಡುತ್ತ.
‘ಹಂದಿಯೇ ಇರಲಿ ಸಾಬ್ರೇ. ಹಂಗಾಗಬಾರದಿತ್ತು.’

ಖಾಲಿ ಕೇಸನ್ನು ಮೇಜಿನ ಮೇಲೆ ನಿಲ್ಲಿಸಿದರು.
ಸಾಹೇಬರು ಮಗುಚಿ ನಂಬರು ನೋಡಿದರು,
ಪುಸ್ತಕ ತೆಗೆದರು, ಬೆರಳು ಸಾಲಿನ ಮೇಲೆ ಹರಿಯಿತು.
ಆ ಸಾಲಿನ ತುದಿಯಲ್ಲಿ ಏನು ಬರೆದಿತ್ತೋ
ನನಗೆ ಉರ್ದು ಬಾರದು.
‘ಕೈ ನಡುಗಿರಬೇಕು ಗೌಡರೇ,’ ಎಂದರು, ‘ನನ್ನದು.’

ಗೌಡರದೇ ನಡುಗಿತ್ತೇನೋ.
ಕತ್ತಲ ಸುಳಿಗಾಳಿಯೇನೋ, ಲಾಟೀನಿನ ಬೆಳಕೇನೋ.
ಚಿಟಿಕೆ ಮದ್ದಿಗೆ ಅಷ್ಟು ದೂರ ತಪ್ಪುವುದಿಲ್ಲವೆಂದು
ದೊಡ್ಡವನಾದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ.
ಲೆಕ್ಕವೇನೋ ಸರಿಯಿದೆ.

ಮುಂದಿನ ಮಂಗಳವಾರ ನಾನು ಅಟ್ಟದ ಮೇಲೆ ಅಡಗಿದ್ದೆ.
ತಕ್ಕಡಿ ಒಯ್ಯಲು ಸಾಹೇಬರೇ ರಸ್ತೆ ದಾಟಿ ಬಂದರು.
ಗುಲಗಂಜಿಯ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ.
‘ಅದನ್ನ ತರೋನು ಬರಲಿ,’ ಎಂದು
ಅಪ್ಪನ ಹತ್ತಿರ ಮಳೆಯ ಮಾತಾಡುತ್ತ ಕೂತರು.
ಒಂದು ಗಂಟೆ.
ನಾನು ಇಳಿದು ಬಂದೆ.

ಈಗ ನನ್ನ ಅಂಗಡಿಯಲ್ಲಿ ಕರೆಂಟಿನ ತಕ್ಕಡಿ,
ಗಾಳಿ ತಾಗದಂತೆ ಸುತ್ತ ಗಾಜು.
ಡ್ರಾಯರಿನಲ್ಲಿ ಹಿತ್ತಾಳೆಯ ಕೇಸೊಂದು,
ಅದರೊಳಗೆ ಬೆಸುಗೆಯ ಸೂಜಿಗಳು.
ಓಲೆ ತೂಗುವಾಗ ಈಗಲೂ
ಕತ್ತು ತಾನಾಗಿ ತಿರುಗಿ ಉಸಿರು ಹೆಗಲ ಹಿಂದಕ್ಕೆ ಹೋಗುತ್ತದೆ.
ಬಂದ ಗಿರಾಕಿ ಅದು ಇವತ್ತಿನ ಚಿನ್ನದ ರೇಟಿಗೆಂದುಕೊಂಡು
ತಾನೂ ಒಂದು ನಿಟ್ಟುಸಿರು ಬಿಡುತ್ತಾಳೆ.