ಮೂವತ್ತು ಮೀಟರ್

ಓಸ್ತ್ರಾವಾದ ಉಕ್ಕಿನ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷ ನಾನು ಕೆಳಗೆ, ನೆಲದ ಮೇಲೆ;
ಹ್ರುಷ್ಕಾ ಮೇಲೆ, ಕ್ರೇನಿನ ಗೂಡಿನಲ್ಲಿ.
ಸನ್ನೆ ನನ್ನದು, ಸನ್ನೆಗೋಲು ಅವನದು.
ಮಾತು ಕಡಿಮೆ. ಗಾಳಿ ತಿರುಗಿದರೆ ಮಾತ್ರ
ದಿಕ್ಕು ಹೇಳುತ್ತಿದ್ದ,
ಯಾರೂ ಕೇಳದಿದ್ದರೂ.

ಒಮ್ಮೆ ಊಟದ ಹೊತ್ತಿನಲ್ಲಿ
ಬ್ರೆಡ್ಡಿನ ತುಂಡನ್ನು ಓರೆಯಾಗಿ ಹಿಡಿದು ತೋರಿಸಿದ:
ಹೀಗೆ, ಸೂರ್ಯನ ಬೆನ್ನಿಂದ ಬರುತ್ತಿದ್ದರು.
ಕೆಳಗೆ ಕೆಂಟಿನ ಹಾಪ್ಸ್ ತೋಟ,
ಥೇಟು ನಮ್ಮೂರಿನದರ ಹಾಗೆ.
ನಾಲ್ಕು ಬೀಳಿಸಿದೆ.
ಮೂರನೆಯದರ ಹುಡುಗನ ಪ್ಯಾರಾಚೂಟ್ ಬಿಚ್ಚಲಿಲ್ಲ.
ಅಷ್ಟು ಹೇಳಿ
ವಿಮಾನವನ್ನು ತಿಂದ.

ಗೆದ್ದು ಬಂದವನನ್ನು ಸ್ವಂತ ದೇಶವೇ ಹಿಡಿದುಹಾಕಿತು.
ಇಂಗ್ಲಿಷ್ ಬಲ್ಲವನು, ನಂಬುವಂತಿಲ್ಲ.
ಆರು ವರ್ಷ ಯಾಖಿಮೊವ್‌ನ ಯುರೇನಿಯಂ ಗಣಿ.
"ರಾತ್ರಿ ಹಾರಾಟದ ಹಾಗೆಯೇ" ಎನ್ನುತ್ತಿದ್ದ,
"ಮುಂದೆ ಮುಳ್ಳುಗಳ ಫಲಕ ಇರಲಿಲ್ಲ, ಅಷ್ಟೆ."

ಬಿಟ್ಟಾಗ ಇಲ್ಲಿ ಕ್ರೇನಿಗೆ ಆಳು ಬೇಕಿತ್ತು.
ಗುಮಾಸ್ತ ಕಡತ ಓದದೆ ಮೊಹರು ಒತ್ತಿದ.
ಸರ್ಕಾರ ಕಿತ್ತುಕೊಂಡ ಆಕಾಶದಲ್ಲಿ
ಮೂವತ್ತು ಮೀಟರ್
ಕೈತಪ್ಪಿ ವಾಪಸು ಬಂತು.

ತೊಂಬತ್ತೊಂದರಲ್ಲಿ ಪದಕ ಬಂತು, ಕರ್ನಲ್ ಪಟ್ಟ ಬಂತು.
ಭಾಷಣ ಮುಗಿಸಿದವರನ್ನು ಅವನು ಕೇಳಿದ್ದು ಒಂದೇ:
ಪಿಂಚಣಿಯ ಲೆಕ್ಕಕ್ಕೆ ಗಣಿಯ ವರ್ಷಗಳು ಸೇರುತ್ತವೆಯೇ?
ನೋಡೋಣ ಎಂದರು.

ಫೆಬ್ರವರಿಯಲ್ಲಿ ಮಣ್ಣಿಗಿಟ್ಟೆವು.
ನೆಲ ಹೆಪ್ಪುಗಟ್ಟಿತ್ತು, ಹಗ್ಗ ಹಿಡಿದ ಹುಡುಗರು ಹೊಸಬರು,
ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು.
ನನಗೇ ತಿಳಿಯದೆ ನನ್ನ ಬಲಗೈ ಮೇಲೆದ್ದಿತ್ತು,
ಅಂಗೈ ಕೆಳಮುಖ:
ನಿಧಾನ, ಹ್ರುಷ್ಕಾ. ಎಡಕ್ಕೆ.
ಇನ್ನೊಂದಿಷ್ಟು.
ಹಾಂ, ಬಿಡು.