ಛತ್ರಿ

ಶನಿವಾರ ಗಿರಣಿಯಲ್ಲಿ ಜೋಳ ಇಟ್ಟು
ಛತ್ರಿ ಹಿಡಕೊಂಡು ಸುಭಾಸ ರೋಡಿಗೆ ಹೋದೆ.
ಕಡ್ಡಿ ಮುರಿದು ಜೂನಿನಿಂದ ಬಾಗಿಲ ಹಿಂದೆ ನಿಂತದ್ದು.
"ಮಳಿ ಹೋದ ಮ್ಯಾಲೆ ತಂದೀರಲ್ರೀ" ಅಂದ ದಾವಲಸಾಬ,
ಬಾಯಲ್ಲಿನ ಸೂಜಿ ತೆಗೆಯದೆ ನಕ್ಕ.
ಇಪ್ಪತ್ತು ರೂಪಾಯಿ. ಚಿಲ್ಲರೆ ಇಲ್ಲ,
ಎದುರಿಗೆ ಪುಟಾಣಿ ಕೊಂಡು ನೋಟು ಮುರಿಸಿದೆ.

ಮನೆಗೆ ತಂದರೂ ಹಿಟ್ಟು ಇನ್ನೂ ಬಿಸಿ.
ಡಬ್ಬಿಗೆ ಸುರಿದ ನೀಲಾ
ಕೈ ಅದರಲ್ಲೇ ಹುಗಿದು
ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

ಐತವಾರ ಕೆಲಗೇರಿ ದಾಟಿ ನಡೆದೆವು.
ಬದುವಿನುದ್ದ ಗುರೆಳ್ಳು ಹೂ,
ಕರಿಹೊಲದಲ್ಲಿ ಹಸಿ ಕೂರಿಗೆ ಸಾಲು.
ಚೂರೂ ಮೋಡವಿಲ್ಲ. ಛತ್ರಿ ಒಯ್ದಿದ್ದೆ,
ದುಡ್ಡು ಕೊಟ್ಟಿದ್ದೆನಲ್ಲ.

ಬೇಲಿಯ ಮೇಲೆ ಕಣ್ಣು ಬಿಟ್ಟ ಸೀತಾಫಲ.
"ಗಿಡ ಯಾರ್ದರೀ?" ನೀಲಾ ಹೊಲಕ್ಕೆ ಕೂಗಿದಳು.
"ಹಕ್ಕೀದರೀ, ತಗೋರಿ" ಅಂತು
ಎತ್ತುಗಳ ಹಿಂದಿನಿಂದ ಒಂದು ದನಿ.
ಹಿಡಿಕೆಯ ಕೊಕ್ಕೆ ಹಾಕಿ ಟೊಂಗೆ ಬಗ್ಗಿಸಿದೆ.
ಐದು ಹಣ್ಣು. ಆರನೆಯದಕ್ಕೆ ಜಗ್ಗಿದಾಗ
ಟಕ್ ಅಂತು, ಅದೇ ಕಡ್ಡಿ.

ಅರ್ಧ ಬಿಚ್ಚಿದ ಛತ್ರಿಯ ಹೊಟ್ಟೆಯಲ್ಲಿ
ಹಣ್ಣು ತುಂಬಿ ಹೊಳ್ಳಿ ಬಂದೆವು,
ಯಾರೂ ಮಾತಾಡಲಿಲ್ಲ, ಆಗಾಗ ನಗು.

ಛತ್ರಿ ಬಾಗಿಲ ಹಿಂದೆ.
ಹಣ್ಣು ಅಕ್ಕಿ ಡಬ್ಬಿಯೊಳಗೆ.
ನಡುರಾತ್ರಿ ಮುಚ್ಚಳದ ಸದ್ದು, ಕತ್ತಲಲ್ಲಿ ನೀಲಾ:
"ಇನ್ನೂ ಕಲ್ಲಾಗೇ ಅದಾವ."