ಅಸಲಿಗೆ

ಚೆಕ್ಕಿನ ಮೂಲೆಯಲ್ಲಿ, ಮೆಮೊ ಎಂಬ ಸಣ್ಣ ಗೆರೆಯ ಮೇಲೆ
ಪ್ರತಿ ತಿಂಗಳೂ ಒಂದೇ ಮಾತು ಬರೆದೆ: ಅಸಲಿಗೆ.
ಹಾಗೆ ಬರೆಯದಿದ್ದರೆ ಹೆಚ್ಚಿಗೆ ಕಟ್ಟಿದ್ದನ್ನೂ
ಬಡ್ಡಿಯೇ ನೆಕ್ಕಿಬಿಡುತ್ತದೆ ಎಂದು
ಬ್ಯಾಂಕಿನ ಲೊರೇನ್ ಗುಟ್ಟಾಗಿ ಹೇಳಿದ್ದಳು,
ಪೆಪ್ಪರ್‌ಮಿಂಟ್ ಬಟ್ಟಲನ್ನು ನನ್ನತ್ತ ತಳ್ಳುತ್ತ.

ಮೂವತ್ತು ವರ್ಷದ ಸಾಲ. ಡುಲೂತಿನ ಕಡಿದಾದ ಬೀದಿ,
ಹೊಸ್ತಿಲಲ್ಲಿ ಕಿತ್ತಳೆ ಹಣ್ಣು ಕೈಜಾರಿದರೆ
ನೇರ ಸುಪೀರಿಯರ್ ಸರೋವರಕ್ಕೆ.
ಎರಡು ಕೋಣೆ, ಒಂದು ಬಚ್ಚಲು, ನೆಲಮಾಳಿಗೆಯಲ್ಲಿ
ಆರ್ವೋನ ಅಪ್ಪ ಹಲಗೆ ಹೊಡೆದುಕೊಟ್ಟ ಸೌನಾ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಆರ್ವೋ ಆರಡಿ ಮೂರಂಗುಲ;
ಮೊದಲ ಒಂಬತ್ತು ಚಳಿಗಾಲ ಅವನ ಪಾದಗಳು
ಮಂಚದಾಚೆ, ಜೋಡಿ ತಪ್ಪಿದ ಉಣ್ಣೆಯ ಕಾಲುಚೀಲದಲ್ಲಿ,
ಬೇರೆ ಬೇರೆ ಬಣ್ಣದ ಎರಡು ಪ್ರಾಣಿಗಳಂತೆ ಮಲಗಿದವು.

ಅವನು ನಗರಸಭೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ.
ರಾತ್ರಿ ಎರಡಕ್ಕೆ ಫೋನು ಬಂದರೆ
ಮಗ್ಗುಲಾಗಿ ಗೊಣಗುತ್ತಿದ್ದೆ: ಎಷ್ಟು ಇಂಚು?
ಎಂಟು ಅಂದರೆ ಅರ್ಧ ಕಂತು.
ಊರೆಲ್ಲ ಆಕಾಶಕ್ಕೆ ಬೈಯುವ ಬೆಳಗ್ಗೆ
ನಾವಿಬ್ಬರೇ ಕಳ್ಳರ ಹಾಗೆ ಖುಷಿಪಟ್ಟೆವು.
ಹಿಮ ಬೀಳದ ಒಂದು ವರ್ಷವೂ ಇತ್ತು. ಆಗ
ಶಾಲೆಯ ಅಡುಗೆಮನೆಯಲ್ಲಿ ನನಗೆ ಎರಡು ಪಾಳಿ,
ಕೂದಲೆಲ್ಲ ಕರಿದ ಆಲೂಗಡ್ಡೆಯ ವಾಸನೆ;
ನಾಯಿಯೊಂದಕ್ಕೆ ಮಾತ್ರ ನಾನು ಬಂದರೆ ಹಬ್ಬ.

ಕಂತಿನ ಪಟ್ಟಿ ಇದ್ದದ್ದು ಕಾಫಿ ಡಬ್ಬಿಗಳ ಕಪಾಟಿನ
ಬಾಗಿಲ ಒಳಮೈಯಲ್ಲಿ. ಮುನ್ನೂರ ಅರವತ್ತು ಮನೆ,
ಒಂದು ಮನೆ ಗೆಲ್ಲಲು.
ಸೈಮಾ ಒಂದೊಂದಕ್ಕೂ ಬಣ್ಣ ತುಂಬುತ್ತಿದ್ದಳು:
ಮೊದಲು ನನ್ನ ಸೊಂಟದ ಮೇಲೆ ಕೂತು, ಗೆರೆ ದಾಟಿ,
ಆಮೇಲೆ ಸ್ಟೂಲು ಹತ್ತಿ, ಆಮೇಲೆ
ಕಿವಿಗೆ ಫೋನು ಒತ್ತಿಕೊಂಡೇ, ಬಗ್ಗಿ.
ಹೆಚ್ಚಿಗೆ ಕಟ್ಟಿದ ತಿಂಗಳು ಪಟ್ಟಿಯ ಬಾಲದಿಂದಲೂ
ಅಷ್ಟಿಷ್ಟು ಅಳಿಸುತ್ತಿದ್ದೆವು, ಎರಡು ತುದಿಯಿಂದ
ಸುರಂಗ ಕೊರೆಯುವವರ ಹಾಗೆ.

ಒಂದು ಜುಲೈಯಲ್ಲಿ ಜಗಳವಾಯಿತು.
ಚೆಕ್ಕು ಲಕೋಟೆಯಲ್ಲಿತ್ತು, ಅಂಚೆಚೀಟಿಯೂ ಅಂಟಿತ್ತು.
ಸಾಲ ತೀರುವ ಹೊತ್ತಿಗೆ ಮನೆಯಲ್ಲಿ
ಯಾರು ಉಳಿದಿರುತ್ತೇವೆ ಎಂದು ನಾನೇ ಹರಿದುಹಾಕಿದೆ.
ಎರಡು ಪೆಟ್ಟಿಗೆ ಪೀಚ್ ಹಣ್ಣು ತಂದೆವು, ಹಿತ್ತಿಲಿಗೊಂದು ಉಯ್ಯಾಲೆ,
ನೆರೆಯ ಲುಂಡ್‌ಗ್ರೆನ್ ದಂಪತಿಗೂ ಕರೆ ಹೋಯಿತು.
ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದೆವು.
ಅದಿರಿನ ಹಡಗೊಂದು ಸೇತುವೆಗೆ ಉದ್ದನೆಯ ಕೂಗು ಹಾಕಿತು,
ಸೇತುವೆ ಓಗೊಟ್ಟಿತು, ಆರ್ವೋ ವಾಟೆ ಚೀಪುತ್ತ ಕೇಳಿದ:
ಇದಕ್ಕೆ ಎಷ್ಟು ಬಡ್ಡಿ ಬೀಳುತ್ತೆ ಗೊತ್ತಾ?
ಅವನ ಬಾಯಿಗೆ ಇನ್ನೊಂದು ಹೋಳು ತುರುಕಿದೆ.
ಸೈಮಾ ಆ ತಿಂಗಳ ಅಂಚಿನಲ್ಲಿ ಒಂದು ಪೀಚ್ ಬರೆದಿಟ್ಟಳು.

ಬಚ್ಚಲ ಟೈಲು ಬದಲಿಸಲಿಲ್ಲ. ಫ್ಲೋರಿಡಾ ನೋಡಲಿಲ್ಲ.
ಶನಿವಾರ ಸೌನಾ, ಆಮೇಲೆ ಹಿಮದಲ್ಲಿ ನಿಂತು
ಒಬ್ಬರ ಮೈಯಿಂದೇಳುವ ಹಬೆ ಇನ್ನೊಬ್ಬರು ನೋಡುವುದು.
ಗುರುವಾರ ಬಟಾಣಿ ಸಾರು. ಭಾನುವಾರ ಓವನ್ನಿನಲ್ಲಿ
ಉಬ್ಬಿ ಕೂರುವ ಪ್ಯಾನ್‌ಕೇಕು, ಮೂಲೆಯ ತುಂಡಿಗೆ ಕಿತ್ತಾಟ.
ಇದನ್ನು ಉಳಿತಾಯ ಎಂದು ಯಾರೂ ಕರೆಯಲಿಲ್ಲ. ನಾವೂ.

ಹತ್ತೊಂಬತ್ತನೆಯ ವರ್ಷ, ಮಾರ್ಚ್‌ನಲ್ಲಿ ಕಾಗದ ಬಂತು.
ಚುಕ್ತಾ. ಒಂದೇ ಹಾಳೆ, ನನ್ನ ಹೆಸರಲ್ಲಿ ಒಂದಕ್ಷರ ತಪ್ಪು.
ಆರ್ವೋ ನಿಂತೇ ಓದಿದ, ಕನ್ನಡಕ ಹುಡುಕಿ ಮತ್ತೆ ಓದಿದ,
ಹೋಗಿ ಗೋಡೆಯನ್ನು, ಹಜಾರದ್ದು, ಅಂಥ ಗೋಡೆಯೇನಲ್ಲ,
ಕುದುರೆಯ ಕುತ್ತಿಗೆ ತಟ್ಟುವಂತೆ ಎರಡು ಸಲ ತಟ್ಟಿದ.
ಸಾರು ಉಕ್ಕುತ್ತಿತ್ತು; ನಾನು ಒಲೆ ಸಣ್ಣ ಮಾಡಿದೆ.

ಪಟ್ಟಿ ಕಿತ್ತಾಗ ಅದರಡಿಯ ಬಣ್ಣ ನಮ್ಮನ್ನೇ ನೋಡಿತು:
ಕೊಂಡ ವರ್ಷದ ಹಳದಿ, ಬೆಣ್ಣೆಯಂಥದು.
ಸುತ್ತಲ ಬಾಗಿಲು ಯಾವಾಗ ಇಷ್ಟು ಕಂದಿತು,
ಎಷ್ಟು ಕಾಫಿ, ಎಷ್ಟು ಹುರಿದ ಮೀನು,
ಗಮನಿಸಿರಲೇ ಇಲ್ಲ. ಉಜ್ಜಿ ಒಂದೇ ಮಾಡಲೇ ಅಂದ. ಬೇಡ ಅಂದೆ.

ಒಂದನೇ ತಾರೀಕು. ಅಭ್ಯಾಸಬಲ,
ರಾತ್ರಿ ಚೆಕ್ಕುಪುಸ್ತಕ ತೆಗೆದು ಕೂತೆ.
ಹೊರಗೆ ಹೊತ್ತಲ್ಲದ ಹೊತ್ತಿನ ಏಪ್ರಿಲ್ ಹಿಮ. ಫೋನು.
ಆರು ಇಂಚು ಎಂದು ಕೂಗಿ ಅವನು ಬೂಟು ಹುಡುಕತೊಡಗಿದ.
ಯಾರಿಗೆ, ಎಷ್ಟು ಎಂಬಲ್ಲಿ ಏನೂ ಬರೆಯಲಿಲ್ಲ.
ಮೂಲೆಯ ಸಣ್ಣ ಗೆರೆಗೆ ಮಾತ್ರ ಕೈ ತಾನೇ ಹೋಯಿತು:
ಅಸಲಿಗೆ,
ಮುಂದೇನೋ ಹೇಳುವವಳಿದ್ದೆ. ಅಷ್ಟರಲ್ಲಿ
ಕಾಫಿ ಫ್ಲಾಸ್ಕು ಎಲ್ಲಿ ಅಂದ.